ಹಾತ್ಸುಯೆ ಕೂರದ ನೇರಳೆ ಮೆತ್ತೆ

ಸಕಾತಾ ಬಂದರಿನ ರೈಲು ನಿಲ್ದಾಣದ ಮುಂದೆ, ಟ್ಯಾಕ್ಸಿಗಳ ಸಾಲಿನಲ್ಲಿ, ಕುನಿಹಿರೊನ ಕರಿ ಗಾಡಿ ಇಪ್ಪತ್ತೊಂಬತ್ತು ವರ್ಷಗಳಿಂದ ನಿಂತಿದೆ. ಬಿಳಿ ಕೈಗವಸು ಹಾಕಿಕೊಂಡು ಕೂತಲ್ಲಿಂದಲೇ ಸನ್ನೆಕೋಲು ಎಳೆದು ಹಿಂದಿನ ಬಾಗಿಲು ತೆರೆಯುವುದು, ಹತ್ತಿದವರಿಗೆ ತಲೆ ಬಾಗಿಸುವುದು, ಇಳಿದವರಿಗೆ ಇನ್ನೊಮ್ಮೆ ಬಾಗಿಸುವುದು, ಇಷ್ಟೇ ಅವನ ದಿನ. ಹೊರಗೆ ನೂರು ಸಲ ಬಾಗುವ ಆ ತಲೆ ಮನೆಯ ಹೊಸ್ತಿಲು ದಾಟಿದ ಮೇಲೆ ಒಂದು ಸಲವೂ ಬಾಗುತ್ತಿರಲಿಲ್ಲ. ಸಾರು ಆರಿದ್ದರೆ ಕೂಗು, ಟವೆಲು ಒದ್ದೆಯಿದ್ದರೆ ಕೂಗು. ಹೆಂಡತಿ ಸಾತೊಮಿ ಅದನ್ನು ಬಂದರಿನ ಹಡಗು ಕೂಗಿದಂತೆ ಕಿವಿಗೆ ಹಾಕಿಕೊಂಡು ಸುಮ್ಮನಿರುತ್ತಿದ್ದಳು. ತಾಯಿ ಹಾತ್ಸುಯೆ ಮಾತ್ರ ಅವನು ಕೂಗಿದಾಗಲೆಲ್ಲ ಕೈಯಲ್ಲಿದ್ದ ಕೆಲಸ ಬಿಟ್ಟು, ಎರಡೂ ಅಂಗೈ ತೊಡೆಯ ಮೇಲಿಟ್ಟು, ಕೂಗು ಮುಗಿಯುವ ತನಕ ಕಾಯುತ್ತಿದ್ದಳು. ಅದು ಅವಳ ಹಳೆಯ ಕೆಲಸದ ಅಭ್ಯಾಸ.

ಆ ಕೆಲಸದ ಗುರುತು ಅವಳ ಕಾಲಲ್ಲೂ ಇತ್ತು. ಎರಡೂ ಪಾದಗಳ ಮೇಲ್ಭಾಗದಲ್ಲಿ ನೆಲಗಡಲೆಯಷ್ಟು ಗಾತ್ರದ ಗಂಟು. ಮಂಡಿಯೂರಿ ಪಾದದ ಮೇಲೆ ಕೂತೂ ಕೂತೂ ಕಟ್ಟಿದ್ದು. ಗಂಡ ಕಡಲಿಗೆ ಹೋದವನು ತಿರುಗಿ ಬರದಿದ್ದಾಗ ಅವಳಿಗೆ ಇಪ್ಪತ್ತೈದು. ಎರಡು ವರ್ಷದ ಕುನಿಹಿರೊನನ್ನು ಬೆನ್ನಿಗೆ ಕಟ್ಟಿಕೊಂಡು, ಗಾಸ್ಸಾನ್ ಬೆಟ್ಟದ ಆಚೆ ಬಿಸಿನೀರ ಊಟೆಗಳ ಕಣಿವೆಗೆ ಹೋಗಿ, ಉಸುಬೆನಿ ಅನ್ನುವ ದೊಡ್ಡ ಹೋಟೆಲಿನಲ್ಲಿ ಕೋಣೆಯವಳಾಗಿ ಸೇರಿಕೊಂಡಳು. ಕೋಣೆಯವಳು ಅಂದರೆ ಒಂದು ಕೋಣೆಗೆ ಬಂದವರಿಗೆ ಚಹಾ ಕೊಡುವುದರಿಂದ ಹಿಡಿದು ಹಾಸಿಗೆ ಮಡಿಸುವ ತನಕ ಎಲ್ಲ ಅವಳೇ. ಮೂವತ್ತೊಂದು ವರ್ಷ ಮಾಡಿದಳು. ಅಡುಗೆಮನೆ ಕೆಳಗೆ, ಕೋಣೆಗಳು ಮೇಲೆ. ತಟ್ಟೆ ಹೊತ್ತು ಎಷ್ಟು ಮೆಟ್ಟಿಲು ಹತ್ತಿದಳೋ ಆ ದೇವರಿಗೇ ಗೊತ್ತು.

ಆ ನವೆಂಬರಿನಲ್ಲಿ ಅವಳಿಗೆ ಎಪ್ಪತ್ತೇಳು ತುಂಬುತ್ತಿತ್ತು. ಹಿರಿಯರನ್ನು ನೇರಳೆ ಬಣ್ಣದ ಮೆತ್ತೆಯ ಮೇಲೆ ಕೂರಿಸಿ, ಕೆಂಪು ಅನ್ನ ಬಡಿಸಿ, ಮನೆಮಂದಿ ಸಂತೋಷಪಡುವ ವರ್ಷ ಅದು. ಆದರೆ ವಸಂತದಿಂದೀಚೆಗೆ ಹಾತ್ಸುಯೆ ಒಲೆಯ ಮೇಲಿಟ್ಟ ಕೆಟಲ್ ಮರೆಯತೊಡಗಿದ್ದಳು. ಸಾತೊಮಿಯನ್ನು ಎರಡು ಸಲ 'ಕಿನು' ಎಂದು ಕರೆದಳು. ಕಿನು ಉಸುಬೆನಿಯಲ್ಲಿ ಅವಳ ಜೊತೆ ಕೆಲಸ ಮಾಡಿದವಳು, ಸತ್ತು ಹದಿನೈದು ವರ್ಷ. ಡಾಕ್ಟರು ಅವಳ ಮೆದುಳಿನ ಚಿತ್ರಪಟ ಬೆಳಕಿಗೆ ಹಿಡಿದು, "ಮುಂದಿನ ವರ್ಷ ಹೇಗಿರ್ತಾರೋ ಹೇಳಕ್ಕಾಗಲ್ಲ. ಎಲ್ಲಿಗಾದ್ರೂ ಕರ್ಕೊಂಡು ಹೋಗ್ಬೇಕು ಅಂತಿದ್ರೆ ಈಗ್ಲೇ ಹೋಗಿಬನ್ನಿ" ಅಂದರು.

ಕುನಿಹಿರೊ ಗಾಡಿಯಲ್ಲಿ ಕೂತು ಬಹಳ ಹೊತ್ತು ಸ್ಟಿಯರಿಂಗ್ ಹಿಡಿದುಕೊಂಡಿದ್ದ. ಅವನ ತಲೆಯಲ್ಲಿದ್ದದ್ದು ಒಂದೇ. ಅಮ್ಮನಿಗೆ ನೆನಪಿರುವಾಗಲೇ, ಒಂದೇ ಒಂದು ಸಲ, ಅವಳು ಕೂತಿರಬೇಕು, ಬೇರೆಯವರು ಬಡಿಸಬೇಕು. ಅದೂ ಎಂಥ ಹೋಟೆಲಿನಲ್ಲಿ? ಎಲ್ಲಕ್ಕಿಂತ ದೊಡ್ಡದರಲ್ಲಿ.

ಭಾನುವಾರ ಮಧ್ಯಾಹ್ನ ಕಾಲು ಬೆಚ್ಚಗಿಡುವ ತಗ್ಗು ಮೇಜಿನ ಸುತ್ತ ಮೂವರೂ ಕೂತರು. ಹಾತ್ಸುಯೆ ಕಿತ್ತಳೆ ಸುಲಿಯುತ್ತಿದ್ದಳು. ಸಾತೊಮಿ ಫೋನಿನಲ್ಲಿ ಚಿತ್ರ ತೋರಿಸಿದಳು.

"ಇದು ನೋಡಿ ಅತ್ತೆ. ಕಾಡೊಳಗೆ ಒಂದೊಂದು ಕೋಣೆನೂ ಒಂದೊಂದು ಮನೆ. ಅಂಗಳದಲ್ಲೇ ಬಿಸಿನೀರ ಕೊಳ. ಐದಕ್ಕೆ ಐದು ನಕ್ಷತ್ರ ಕೊಟ್ಟಿದಾರೆ ಜನ."

ಹಾತ್ಸುಯೆ ಕನ್ನಡಕ ಏರಿಸಿ ನೋಡಿದಳು. "ಅಡುಗೆಮನೆ ಎಲ್ಲಿ?"

"ಅಡುಗೆಮನೆ ಕಟ್ಕೊಂಡು ನಿಮಗೇನು ಅತ್ತೆ?"

"ಹಿಮ ಬಿದ್ದಾಗ ಆ ಮನೆಯಿಂದ ಈ ಮನೆಗೆ ಯಾರು ನಡೀತಾರೆ? ಒಂದು ಕೈಲಿ ಛತ್ರಿ, ಒಂದು ಕೈಲಿ ಸಾರು. ಬೇಡಮ್ಮ."

ಸಾತೊಮಿ ಬೆರಳಾಡಿಸಿ ಇನ್ನೊಂದು ತೆಗೆದಳು. ಕಡಲ ದಂಡೆಯ ಐದಂತಸ್ತಿನ ಹೋಟೆಲು. ಕಿಟಕಿ ತುಂಬ ಮುಳುಗುವ ಸೂರ್ಯ.

"ಲಿಫ್ಟು ಒಂದೇ ಇದೆ," ಅಂದಳು ಹಾತ್ಸುಯೆ.

"ಅಯ್ಯೋ, ಅದು ಹೇಗೆ ಗೊತ್ತಾಯ್ತು ನಿಮಗೆ?"

"ಮೂಲೇಲಿ ನೋಡು, ಆ ಸಣ್ಣ ಬಾಗಿಲು. ಮೆಟ್ಟಿಲಿಂದು. ಒಂದೇ ಲಿಫ್ಟು ಇದ್ರೆ ಅದು ಬಂದೋರಿಗೆ. ಕೆಲಸದೋರು ಹತ್ತೋದೇ."

"ನೀವು ಬಂದೋರಲ್ವಾ ಅತ್ತೆ? ನಿಮಗೆ ಲಿಫ್ಟು!"

"ನಂಗೆ ಲಿಫ್ಟು," ಎಂದು ಒಪ್ಪಿಕೊಂಡು ಹಾತ್ಸುಯೆ ಕಿತ್ತಳೆ ತೊಳೆಯೊಂದನ್ನು ಸೊಸೆಯ ಕೈಗಿಟ್ಟಳು. ಆ ಹೋಟೆಲೂ ಅಲ್ಲಿಗೆ ಮುಗಿಯಿತು.

ಹೀಗೆ ಏಳೆಂಟು ಹೋಟೆಲುಗಳು ಬಂದವು, ಹೋದವು. ಹೊರಗಿನವರು ಮುಂಭಾಗದಿಂದ ನೋಡುವ ಹೋಟೆಲನ್ನು ಅವಳು ಹಿಂಭಾಗದಿಂದ ನೋಡುತ್ತಿದ್ದಳು. ತೋಟ ಚೆಂದವಿದ್ದರೆ ಎಲೆ ಗುಡಿಸುವವನ ಸೊಂಟ ಕಾಣುತ್ತಿತ್ತು, ಊಟ ಹದಿಮೂರು ಬಗೆಯಿದ್ದರೆ ತೊಳೆಯುವ ಬಟ್ಟಲು. ಕಡೆಗೆ ಅವಳೇ ಫೋನು ತಗೊಂಡು ಒಂದರ ಮೇಲೆ ಬೆರಳಿಟ್ಟಳು. ಸೆಂಡೈ ನಗರದ ಗೋಪುರದಂಥ ಹೋಟೆಲು. ಮಂಚ, ಕುರ್ಚಿ. ಬೆಳಗಿನ ತಿಂಡಿಗೆ ದೊಡ್ಡ ಕೋಣೆಗೆ ಹೋಗಿ ಬೇಕಾದ್ದನ್ನು ತಾವೇ ಹಾಕಿಕೊಳ್ಳುವುದು.

"ಇದಾಗಲಿ. ತಿಂದ ತಟ್ಟೆ ನಾನೇ ಇಟ್ಟು ಬರ್ತೀನಿ."

ಕುನಿಹಿರೊ ಅಷ್ಟು ಹೊತ್ತು ತಡೆದುಕೊಂಡಿದ್ದೇ ಹೆಚ್ಚು. ಮೇಜಿಗೆ ಅಂಗೈ ಬಡಿದ. ಕಿತ್ತಳೆ ಸಿಪ್ಪೆ ಹಾರಿತು.

"ಎಪ್ಪತ್ತೇಳಕ್ಕೆ ನನ್ನಮ್ಮ ತಟ್ಟೆ ಹಿಡ್ಕೊಂಡು ಸಾಲಲ್ಲಿ ನಿಲ್ಲೋದಾ? ವ್ಯಾಪಾರಕ್ಕೆ ಬಂದೋರು ಮಲಗಿ ಎದ್ದು ಹೋಗೋ ಜಾಗ ಅದು! ಅದಕ್ಕಾ ನಾನು ರಜ ಹಾಕಿರೋದು?"

ಹಾತ್ಸುಯೆ ಅಂಗೈಗಳನ್ನು ತೊಡೆಯ ಮೇಲಿಟ್ಟು, ಕೂಗು ಮುಗಿಯಲಿ ಎಂದು ಕಾದಳು. ಆಮೇಲೆ ಸಿಪ್ಪೆ ಒಟ್ಟು ಮಾಡುತ್ತ ಹೇಳಿದಳು, "ಸಾಲಲ್ಲಿ ನಿಂತ್ರೆ ನೆಮ್ಮದಿ ಕಣೋ ಕುನಿ. ಯಾರೂ ಮಂಡಿಯೂರಲ್ಲ."

"ಊರಲಿ! ಒಂದು ದಿನ ನಿನ್ನ ಮುಂದೆ ಯಾರಾದ್ರೂ ಊರಲಿ!"

ಆ ಮಾತು ಅವನ ಹೊಟ್ಟೆಯೊಳಗಿನದು. ಉಸುಬೆನಿಯ ಹಿಂದಿನ ಆಳುಮನೆಯಲ್ಲಿ ಬೆಳೆದವನು ಅವನು. ಕೆಲಸದವರ ಮಕ್ಕಳು ಮುಂಬಾಗಿಲ ಕಡೆ ಸುಳಿಯುವಂತಿರಲಿಲ್ಲ. ಅಡುಗೆಮನೆ ಪಕ್ಕದ ಕಿರುಬಾಗಿಲೇ ಅವರ ದಾರಿ. ಎಂಟನೆಯ ವಯಸ್ಸಿನಲ್ಲಿ ಒಂದು ಸಲ, ಜಾರುಬಾಗಿಲ ಸಂದಿಯಿಂದ, ಅಮ್ಮನ ಹಣೆ ಚಾಪೆಗೆ ತಾಗಿರುವುದನ್ನು ಕಂಡಿದ್ದ. ಎದುರಿಗೆ ಹೋಟೆಲಿನ ಹತ್ತಿ ಕಿಮೊನೊ ತೊಟ್ಟ ಗಂಡಸೊಬ್ಬ ಹಲ್ಲುಕಡ್ಡಿ ಆಡಿಸುತ್ತ ನಿಂತಿದ್ದ. ಬಂದವರು 'ತಲೆ ಎತ್ತಿ' ಅನ್ನುವ ತನಕ ಕೋಣೆಯವಳು ತಲೆ ಎತ್ತುವಂತಿಲ್ಲ. ಆ ಗಂಡಸು ಅನ್ನಲೇ ಇಲ್ಲ. ಅಮ್ಮನ ತಪ್ಪು ಏನಿತ್ತೋ ಅವನಿಗೆ ಇವತ್ತಿಗೂ ಗೊತ್ತಿಲ್ಲ. ಕಡ್ಡಿ ಆಡುತ್ತಲೇ ಇತ್ತು, ಅಮ್ಮನ ಕುತ್ತಿಗೆಯ ಹಿಂಭಾಗ ಬೆಳ್ಳಗೆ ಕಾಣುತ್ತಲೇ ಇತ್ತು.

ಮಾರನೆಯ ದಿನ ಟ್ಯಾಕ್ಸಿ ಸಾಲಿನಲ್ಲಿ ಅವನು, ಅಮ್ಮನನ್ನು ಉಸುಬೆನಿಗೇ ಕರೆದೊಯ್ಯುತ್ತೇನೆ ಎಂದು ಗೆಳೆಯ ಒನೊದೆರಾನ ಮುಂದೆ ಬಾಯಿ ಬಿಟ್ಟ. ಒನೊದೆರಾ ಡಬ್ಬಿಯ ಕಾಫಿ ಹೀರುತ್ತಿದ್ದವನು ನಕ್ಕ.

"ಉಸುಬೆನಿನಾ? ಅಲ್ಲಿಗೆ ಈಗ ಟೋಕಿಯೊದಿಂದ ಬರೋರೇ ಹೆದರಿಕೊಂಡು ಬರ್ತಾರಂತೆ. ನೀನು ಜನ್ಮವಿಡೀ ಬೇರೆಯವರಿಗೆ ಬಾಗಿಲು ತೆಗೆದೋನು. ನಿನಗೆ ಯಾರಾದ್ರೂ ಬಾಗಿಲು ತೆಗೆದ್ರೆ ಗಾಬರಿಯಾಗಿ ಬಿದ್ದುಹೋಗ್ತೀಯ ಕಣಯ್ಯಾ!"

"ಬೀಳ್ತೀನಿ. ಮುಂಬಾಗಿಲಲ್ಲೇ ಬೀಳ್ತೀನಿ. ನಿನಗೇನು?"

"ಅಮ್ಮನ್ನ ಕೇಳಿದ್ಯಾ?"

"ಅವಳಿಗೇನು ಗೊತ್ತಾಗುತ್ತೆ."

"ಅವರಿಗೆ ಗೊತ್ತಿರೋ ಜಾಗ ಅದೊಂದೇ ಅಲ್ವೇನೋ," ಅಂದ ಒನೊದೆರಾ. ಕುನಿಹಿರೊ ಡಬ್ಬಿಯನ್ನು ಕಾಲಿಂದ ಒದ್ದು ಗಾಡಿ ಹತ್ತಿದ.

ಆ ದಿನವೇ ಉಸುಬೆನಿಗೆ ಫೋನು ಮಾಡಿದ. ಸಾತೊಮಿ ಮನೆಯಲ್ಲೇ ಉಳಿಯುವುದು ಎಂದಾಗಿತ್ತು. ಅಮ್ಮ, ಮಗ ಇಬ್ಬರಿಗೆ ಒಂದು ರಾತ್ರಿಗೆ ಒಂದೂವರೆ ಲಕ್ಷ ಯೆನ್. ಅವನು ಕಣ್ಣು ಮಿಟುಕಿಸಲಿಲ್ಲ. ಆ ಕಡೆಯ ಹೆಣ್ಣು ದನಿ ರೇಷ್ಮೆಯ ಹಾಗೆ ನಯವಾಗಿ, "ತಾವು ಮೊದಲು ನಮ್ಮಲ್ಲಿ ಉಳಿದಿದ್ದೀರಾ?" ಎಂದು ಕೇಳಿತು.

"ಇಲ್ಲ," ಅಂದ. ಅಮ್ಮ ಅಲ್ಲೇ ದುಡಿದವಳು ಎನ್ನಬಹುದಿತ್ತು. ಅಂದಿದ್ದರೆ ಮುಂದಿನದೆಲ್ಲ ಬೇರೆಯಾಗುತ್ತಿತ್ತೋ ಏನೋ. ಆದರೆ ಹಳೇ ಕೆಲಸದವಳು ಎಂದು ಗೊತ್ತಾದರೆ ಅವರು ಕನಿಕರದಿಂದ ನಡೆಸಿಕೊಳ್ಳುತ್ತಾರೆ. ಅವನಿಗೆ ಕನಿಕರ ಬೇಡವಾಗಿತ್ತು, ಗೌರವ ಬೇಕಿತ್ತು. "ಅಮ್ಮನಿಗೆ ಎಪ್ಪತ್ತೇಳು. ಹಿರಿಯರನ್ನು ಕೂರಿಸುವ ಮೇಲಿನ ಜಾಗದಲ್ಲಿ ನೇರಳೆ ಮೆತ್ತೆ ಹಾಕಿರಬೇಕು. ಕೆಂಪು ಅನ್ನ ಇರಬೇಕು. ಮೊದಲ ಬಟ್ಟಲು ಅಲ್ಲಿಗೇ ಹೋಗಬೇಕು. ತಪ್ಪಬಾರದು."

"ಖಂಡಿತ. ಆ ಮೆತ್ತೆಯ ಮೇಲೆ ಕೂತವರಿಗೇ ಮೊದಲು," ಅಂದಿತು ದನಿ.

ಅಮ್ಮನಿಗೆ ಸೆಂಡೈ ಎಂದೇ ಹೇಳಿದ. ಹಾತ್ಸುಯೆ ಸಂತೋಷದಿಂದ ಒಂದು ಸಣ್ಣ ಚೀಲ ತುಂಬಿಕೊಂಡಳು. ಗಾಸ್ಸಾನ್ ದಾಟುವಾಗ ಬೆಟ್ಟದ ನೆತ್ತಿಗೆ ಆಗಲೇ ಹಿಮ ಹಿಡಿದಿತ್ತು. ದಾರಿಯುದ್ದಕ್ಕೂ ಅವಳು ತಿಂಡಿಯ ಮಾತಾಡುತ್ತಿದ್ದಳು. ಮೊಟ್ಟೆ ಎಷ್ಟು ಬಗೆ ಇಟ್ಟಿರ್ತಾರೋ, ಬ್ರೆಡ್ಡು ನಾವೇ ಸುಟ್ಟುಕೊಳ್ಳಬಹುದಂತೆ, ಹೀಗೆ. ಗಾಡಿ ಹೆದ್ದಾರಿ ಬಿಟ್ಟು ಹೊಳೆಯ ಪಕ್ಕದ ದಾರಿಗಿಳಿದಾಗ ಮಾತು ನಿಂತಿತು.

"ಇದು ಸೆಂಡೈ ದಾರಿ ಅಲ್ಲ."

"ಹತ್ತಿರದ ದಾರಿ."

ಉಸುಬೆನಿಯ ಮುಂದಿನ ಕೆಂಪು ಸೇತುವೆ ಬಂತು. ಹಾತ್ಸುಯೆ ತಲೆಯ ಮೇಲಿನ ಕನ್ನಡಿ ಇಳಿಸಿ, ಬಾಟಲಿಯ ನೀರು ಕೂದಲಿಗೆ ತಟ್ಟಿ, ಸಡಿಲವಾದ ಎಳೆಗಳನ್ನು ಒಳಗೆ ಸೇರಿಸಿದಳು. ಕೊರಳಪಟ್ಟಿ ಸರಿಮಾಡಿಕೊಂಡಳು. ಉಗುರು ನೋಡಿಕೊಂಡಳು, ಮುಂಭಾಗ, ಹಿಂಭಾಗ. ಅವಳಿಗೆ ಇಷ್ಟವಾಗಿದೆ ಎಂದುಕೊಂಡ ಕುನಿಹಿರೊ. ಎದೆ ಉಬ್ಬಿತು. ಹಬ್ಬಕ್ಕೆ ಅಣಿಯಾಗುವುದಕ್ಕೂ ಪಾಳಿಗೆ ಅಣಿಯಾಗುವುದಕ್ಕೂ ಇರುವ ವ್ಯತ್ಯಾಸ ಆ ಹೊತ್ತಿನಲ್ಲಿ ಅವನಿಗೆ ಎಲ್ಲಿ ಕಾಣಬೇಕು!

ಉಸುಬೆನಿ ಬದಲಾಗಿತ್ತು. ಹಳೆಯ ಮರದ ಕಂಬಗಳನ್ನು ಉಳಿಸಿಕೊಂಡು ಸುತ್ತ ಗಾಜು ಕಟ್ಟಿದ್ದರು. ಒಡತಿ ಹೊಸಬಳು, ಕೆಲಸದವರು ಎಲ್ಲ ಎಳೆಯರು. ಸಾಲಾಗಿ ನಿಂತು ಬಾಗಿದರು. ಕುನಿಹಿರೊ ಇಳಿದು ಈ ಕಡೆ ಬರುವಷ್ಟರಲ್ಲಿ ಹಾತ್ಸುಯೆ ಚೀಲ ಹಿಡಿದು ಎಡಕ್ಕೆ, ಅಡುಗೆಮನೆಯ ಗಲ್ಲಿಯ ಕಡೆಗೆ ಹೊರಟಿದ್ದಳು. ಓಡಿಹೋಗಿ ಮೊಣಕೈ ಹಿಡಿದ.

"ಆ ಕಡೆ ಅಲ್ಲಮ್ಮ. ಇವತ್ತು ಈ ಕಡೆ."

"ಯಾರಾದ್ರೂ ನೋಡ್ತಾರೆ ಕಣೋ."

"ನೋಡ್ಲಿ ಅಂತಲೇ ಬಂದಿರೋದು!"

ಮುಂಬಾಗಿಲಿನ ಕಲ್ಲಿನ ಮೇಲೆ ಅವನು ಬೂಟು ಬಿಚ್ಚಿ ಒಳಗಿನ ಮರದ ನೆಲಕ್ಕೆ ಹತ್ತಿದ. ಐವತ್ತನಾಲ್ಕು ವರ್ಷದ ಗಂಡಸು, ಆ ಮರದ ತಂಪು ಅವನ ಕಾಲಿಗೆ ಹತ್ತಿದ್ದು ಅದೇ ಮೊದಲು. ತಿರುಗಿ ನೋಡಿದರೆ ಅಮ್ಮ ಮಂಡಿಯೂರಿದ್ದಳು. ಅವನ ಬೂಟುಗಳನ್ನು ಹೊರಮುಖವಾಗಿ ತಿರುಗಿಸಿ, ಜೋಡಿಸಿ, ಅಂಗೈಯಿಂದ ಧೂಳು ಒರೆಸುತ್ತಿದ್ದಳು. ಚಪ್ಪಲಿ ನೋಡಿಕೊಳ್ಳುವ ಹುಡುಗ ಕೈ ಚಾಚಿದವನು ಚಾಚಿದ ಹಾಗೆಯೇ ನಿಂತಿದ್ದ.

"ಬಿಡಿ ತಾಯಿ, ಅದು ನಮ್ಮ ಕೆಲಸ," ಅಂದ ಹುಡುಗ.

"ಹಿಮ್ಮಡಿ ಸವೆದಿದೆ, ಪಕ್ಕದ ಗೂಡಲ್ಲಿಡಿ, ಬೇರೆಯವರ ಜೊತೆ ಬೇಡ," ಎಂದು ಹಾತ್ಸುಯೆ ಅವನಿಗೆ ಮೆಲ್ಲಗೆ ಹೇಳಿಕೊಟ್ಟಳು.

ಕೋಣೆ ಮೂರನೆಯ ಅಂತಸ್ತಿನಲ್ಲಿ. ಹೊಳೆಯ ಕಡೆ ಕಿಟಕಿ, ಸುರುಳಿಚಿತ್ರ ತೂಗುಬಿಟ್ಟ ಗೋಡೆಗೂಡು, ಅದರ ಮುಂದೆ, ಮೇಲಿನ ಜಾಗದಲ್ಲಿ, ದಪ್ಪನೆಯ ನೇರಳೆ ಮೆತ್ತೆ. ಅವರ ಕೋಣೆಯವಳು ಅಯಾನೆ ಎಂಬ ಹುಡುಗಿ. ಇಪ್ಪತ್ತರ ಆಸುಪಾಸು. ಇಲ್ಲಿ ಅವಳ ಮೊದಲ ಚಳಿಗಾಲ ಇರಬೇಕು. ಜಾರುಬಾಗಿಲು ಎಳೆಯುವಾಗ ಪ್ರತಿ ಸಲವೂ, ಕಲಿತ ಕ್ರಮ ತಪ್ಪದಿರಲೆಂದು, ತುಟಿಯೊಳಗೇ ಎಣಿಸುತ್ತಿದ್ದಳು. ಚಹಾ ಕೊಟ್ಟು ಹೋದಳು. ಹಾತ್ಸುಯೆ ಅವಳ ಪಾದಗಳನ್ನೇ ನೋಡುತ್ತಿದ್ದಳು.

"ಇನ್ನೂ ಗಂಟು ಕಟ್ಟಿಲ್ಲ," ಅಂದಳು.

ಕುನಿಹಿರೊ ಕೆಳಗೆ ಹೋಗಿ ಬಿಸಿನೀರಿನಲ್ಲಿ ಕೂತು ಬಂದ. ಮೈ ಕೆಂಪಾಗಿತ್ತು, ಹೋಟೆಲಿನ ಹತ್ತಿ ಕಿಮೊನೊ ತೊಟ್ಟಿದ್ದ. ಬಂದು ನೋಡಿದರೆ ಅಮ್ಮ ಬಾಗಿಲ ಪಕ್ಕ, ಎಲ್ಲಕ್ಕಿಂತ ಕೆಳಗಿನ ಜಾಗದಲ್ಲಿ, ಬರಿಚಾಪೆಯ ಮೇಲೆ ಕೂತಿದ್ದಳು.

"ಅಮ್ಮ, ನಿನ್ನ ಜಾಗ ಅದು."

"ಅಲ್ಲಿ ಗಾಳಿ ಬರುತ್ತೆ."

"ಕಿಟಕಿ ಹಾಕಿದೆ."

"ಅದು ಬಂದೋರ ಜಾಗ ಕುನಿ."

"ಬಂದೋರು ನಾವೇ!" ಎಂದು ಎರಡೂ ತೋಳು ಹಿಡಿದು ಎಬ್ಬಿಸಿಕೊಂಡು ಹೋಗಿ ಮೆತ್ತೆಯ ಮೇಲೆ ಕೂರಿಸಿದ. ಅವಳು ಸುಡುವ ಬಾಣಲೆಯ ಮೇಲೆ ಕೂತವಳ ಹಾಗೆ ಅಂಚಿನಲ್ಲಿ ಕೂತಳು. ಅಷ್ಟರಲ್ಲಿ ಸಾತೊಮಿಯ ಫೋನು. ಅವನು ಕಿಟಕಿಗೆ ಮುಖಮಾಡಿ ಮಾತಾಡಿದ. "ಹೂಂ, ಮುಟ್ಟಿದ್ವಿ. ಹೂಂ, ಕೂತಿದಾಳೆ. ರಾಣಿ ಥರ ಕೂತಿದಾಳೆ."

ಫೋನು ಮಡಿಸಿ ತಿರುಗಿದರೆ ಮೆತ್ತೆ ಬರಿದಾಗಿತ್ತು. ರಾಣಿ ಮತ್ತೆ ಬಾಗಿಲ ಪಕ್ಕ. ಬಾಯಿ ತೆಗೆಯಬೇಕು ಎನ್ನುವಷ್ಟರಲ್ಲಿ ಹೊರಗಿಂದ "ಅಪ್ಪಣೆಯಾಗಲಿ" ಎಂಬ ದನಿ. ಆರು ಗಂಟೆ, ಊಟದ ಹೊತ್ತು. ಬಾಗಿಲು ಸರಿಯಿತು. ಕೆಲಸದವರ ಮುಂದೆ ಅಮ್ಮನ ಜೊತೆ ಎಳೆದಾಡುವುದು ಬೇಡವೆಂದು ಕುನಿಹಿರೊ ನಿಂತಲ್ಲೇ ಕೂತ. ಅವನು ನಿಂತಿದ್ದದ್ದು ಮೆತ್ತೆಯ ಪಕ್ಕ. ಕೂತದ್ದು ಮೆತ್ತೆಯ ಮೇಲೆ.

ಅಯಾನೆ ಮಂಡಿಯಲ್ಲೇ ಒಳಬಂದಳು. ಅವಳಿಗೆ ಏನು ಹೇಳಿಕೊಟ್ಟಿದ್ದರೋ ಅದನ್ನೇ ಮಾಡಿದಳು. ಕೆಳಗಿನ ಜಾಗದಲ್ಲಿದ್ದ ಮುದುಕಿಯ ಪಕ್ಕದಿಂದ ಹಾದು, ಮೇಲಿನ ಜಾಗದ ಮುಂದೆ ಹಬ್ಬದ ತಟ್ಟೆ ಇಳಿಸಿದಳು. ಬಾಲ ಮೇಲಕ್ಕೆತ್ತಿ ಸುಟ್ಟ ಕೆಂಪು ಮೀನು, ಕೊಕ್ಕರೆಯ ಹಾಗೆ ಮಡಿಸಿದ ಕಾಗದದಲ್ಲಿ ಉಪ್ಪು, ಮುಚ್ಚಳ ಹಾಕಿದ, ಅರಗು ಬಳಿದ ಮರದ ಬಟ್ಟಲಿನಲ್ಲಿ ಸಾರು. ಕಣ್ಣು ಕೆಳಗಿಟ್ಟೇ ಬಾಗಿ, ಬಾಯಿಪಾಠ ಒಪ್ಪಿಸಿದಳು.

"ಎಪ್ಪತ್ತೇಳು ತುಂಬಿದ ಹಿರಿಯರಿಗೆ ನಮ್ಮೆಲ್ಲರ ಶುಭಾಶಯ..."

ಅಷ್ಟು ಹೇಳಿ ಕಣ್ಣೆತ್ತಿದವಳು ಕುನಿಹಿರೊನ ಮುಖ ಕಂಡು ನಿಂತುಬಿಟ್ಟಳು.

ನಕ್ಕುಬಿಡಬಹುದಾಗಿತ್ತು. ಒನೊದೆರಾ ಆಗಿದ್ದರೆ ಹೊಟ್ಟೆ ಹಿಡಿದು ನಕ್ಕು, ತಿಂಗಳುಗಟ್ಟಲೆ ಅದನ್ನೇ ಹೇಳಿಕೊಂಡು ತಿರುಗುತ್ತಿದ್ದ. ಕುನಿಹಿರೊನ ಕಣ್ಣಿಗೆ ರಕ್ತ ಏರಿತು.

"ಎಪ್ಪತ್ತೇಳಾ? ನಂಗಾ? ಕಣ್ಣು ಅನ್ನೋದು ಇದೆಯಾ ನಿಂಗೆ? ಅಲ್ಲಿ ಕೂತಿದಾರಲ್ಲ, ಅವರು ಯಾರು ಅಂದ್ಕೊಂಡೆ? ನನ್ನ ಆಳು ಅಂದ್ಕೊಂಡ್ಯಾ?"

"ಕ್ಷ... ಕ್ಷಮಿಸಿ, ಮೆತ್ತೆ..."

"ಮೆತ್ತೆಗೆ ಹುಟ್ಟಿದಹಬ್ಬ ಮಾಡ್ತೀರಾ ನೀವು? ಒಂದೂವರೆ ಲಕ್ಷ ತಗೊಂಡು? ಕರಿ ನಿಮ್ಮ ಒಡತೀನ! ಈಗ್ಲೇ ಕರಿ!"

ಅವನು ಎದ್ದೇ ನಿಂತ. ಹುಡುಗಿ ತಟ್ಟೆ ಹಿಂದಕ್ಕೆ ಎಳೆಯಲು ಹೋದಳು. ಮುಚ್ಚಳ ಜಾರಿ, ಬಟ್ಟಲು ವಾಲಿ, ಸಾರು ಹಸಿರು ಚಾಪೆಯ ಮೇಲೆ ಹರಿಯಿತು.

ಎಪ್ಪತ್ತೇಳು ವರ್ಷದ, ಕೆಟಲ್ ಎಲ್ಲಿಟ್ಟೆನೆಂದು ಮರೆಯುವ ಹಾತ್ಸುಯೆ ಆ ಕೋಣೆಯನ್ನು ಎರಡೇ ಉಸಿರಿನಲ್ಲಿ ದಾಟಿದಳು. ಕೋಣೆಯವಳು ತುಳಿಯಬಾರದ ಚಾಪೆಯ ಅಂಚುಪಟ್ಟಿಯನ್ನು ಒಮ್ಮೆಯೂ ತುಳಿಯಲಿಲ್ಲ. ಅಯಾನೆಯ ಸೊಂಟದಲ್ಲಿದ್ದ ಬಟ್ಟೆ ಎಳೆದುಕೊಂಡು, ಉಜ್ಜದೆ, ಹೊರಗಿನಿಂದ ಒಳಕ್ಕೆ ತಟ್ಟಿ ತಟ್ಟಿ ಸಾರು ಹೀರಿಸಿದಳು. ಒಂದು ಕೈಯಿಂದ ಹುಡುಗಿಯನ್ನು ತನ್ನ ಬೆನ್ನ ಹಿಂದಕ್ಕೆ ಸರಿಸಿದಳು. ಆಮೇಲೆ ಎರಡೂ ಕೈ ಮುಂದಿಟ್ಟು, ಹಣೆಯನ್ನು ಚಾಪೆಗೆ ತಾಗಿಸಿದಳು.

"ತಪ್ಪು ನಮ್ಮದು. ಹುಡುಗಿ ಹೊಸಬಳು. ಹೇಳಿಕೊಡಬೇಕಾದವಳು ನಾನು, ಹೇಳಿಕೊಡಲಿಲ್ಲ. ದೊಡ್ಡ ಮನಸ್ಸು ಮಾಡಿ ಹೊಟ್ಟೆಗೆ ಹಾಕೊಳ್ಳಿ."

"ಅಮ್ಮ, ಏಳು."

ಅವಳು ಏಳಲಿಲ್ಲ.

"ಅಮ್ಮ! ನಾನು ಕಣೇ! ಏಳು ಅಂದೆ!"

ಕೂಗಿದಷ್ಟೂ ಹಣೆ ಇನ್ನೂ ಒತ್ತಿತು. ಕುತ್ತಿಗೆಯ ಹಿಂಭಾಗ ಕಾಣುತ್ತಿತ್ತು. ಈಗ ಬೆಳ್ಳಗಿರಲಿಲ್ಲ, ಸುಕ್ಕಾಗಿತ್ತು, ಕಂದು ಕಲೆಗಳಿದ್ದವು. ಕುನಿಹಿರೊ ತಲೆ ತಗ್ಗಿಸಿದಾಗ ತಾನು ತೊಟ್ಟ ಬಟ್ಟೆ ಕಂಡಿತು. ಬಿಳಿ ಹತ್ತಿಯ ಮೇಲೆ ತಿಳಿಗೆಂಪು ಎಲೆಗಳು. ಹೋಟೆಲಿನ ಗೋಡೆ, ಒಡತಿ, ಕೆಲಸದವರು ಎಲ್ಲ ಬದಲಾಗಿದ್ದರೂ ಆ ಬಟ್ಟೆಯ ಬಣ್ಣ ಬದಲಾಗಿರಲಿಲ್ಲ. ಹಲ್ಲುಕಡ್ಡಿಯ ಗಂಡಸು ತೊಟ್ಟಿದ್ದೂ ಇದನ್ನೇ. ಅವನು ನಿಂತಿದ್ದೂ ಇಲ್ಲೇ, ಗೋಡೆಗೂಡಿನ ಮುಂದೆ, ಮೇಲಿನ ಜಾಗದಲ್ಲಿ.

ಯಾವ ಮಾತಿನಿಂದ ಅವಳ ತಲೆ ಮೇಲೇಳುತ್ತದೆ ಎಂದು ಅವನಿಗೆ ಗೊತ್ತಿತ್ತು. ಅದನ್ನು ಆಡಿದರೆ ತಾನು ಬಂದವನು, ಅವಳು ಕೋಣೆಯವಳು ಎಂದು ಒಪ್ಪಿಕೊಂಡ ಹಾಗೆ. ಆಡದಿದ್ದರೆ ಅವಳು ಹಾಗೆಯೇ ಇರುತ್ತಾಳೆ.

"ತಲೆ ಎತ್ತಿ," ಅಂದ.

ಹಾತ್ಸುಯೆ ತಲೆ ಎತ್ತಿದಳು. ಅವನ ಮುಖ ನೋಡಲಿಲ್ಲ. ಅವಳ ನೋಟ ಅವನ ಎದೆಯವರೆಗೆ ಬಂದು ಅಲ್ಲೇ ನಿಂತಿತು. ಹಿಂದಕ್ಕೆ ತಿರುಗಿ ಅಯಾನೆಗೆ, "ಒಡತಿಗೆ ಏನೂ ಹೇಳ್ಬೇಡ. ಸಾರು ಇನ್ನೊಂದು ಬಟ್ಟಲು ತಗೊಂಬಾ. ಕಣ್ಣೊರೆಸ್ಕೊ. ಓಡ್ಬೇಡ, ನಡಿ," ಅಂದಳು. ಹುಡುಗಿ ಹೋದಳು.

ಆಮೇಲೆ ಊಟ ನಡೆಯಿತು. ಅಯಾನೆ ಬಾಗಿಲ ತನಕ ತರುವಳು, ಹಾತ್ಸುಯೆ ಅಲ್ಲಿಂದ ಎತ್ತಿ ಬಡಿಸುವಳು. ಹಸಿ ಮೀನು, ಆವಿಯಲ್ಲಿ ಬೇಯಿಸಿದ ಗೆಣಸು, ಬೆಟ್ಟದ ಅಣಬೆ, ಕಲ್ಲಿನ ಮೇಲೆ ಸುಡುವ ಮಾಂಸ. ಪ್ರತಿಯೊಂದನ್ನೂ ಅವನ ಬಲಗೈಗೆ ಎಟುಕುವ ಹಾಗೆ ತಿರುಗಿಸಿ ಇಡುವಳು. ಕುನಿಹಿರೊ ಮೊದಮೊದಲು, "ಅಮ್ಮ, ಬಾ ಇಲ್ಲಿ, ನೀನೂ ತಿನ್ನು" ಎಂದು ಬೇಡಿಕೊಂಡ. "ಆರುತ್ತೆ, ತಗೊಳ್ಳಿ" ಎಂದಷ್ಟೇ ಉತ್ತರ ಬಂತು. ನೇರಳೆ ಮೆತ್ತೆಯ ಮೇಲೆ ಕೂತು ಅವನು ತಿಂದ. ತಿನ್ನದೆ ಬಿಟ್ಟರೆ ತಟ್ಟೆ ಹಾಗೇ ಹಿಂದಕ್ಕೆ ಹೋಗುತ್ತದೆ, ಏನು ತಪ್ಪಾಯಿತೆಂದು ಅಡುಗೆಮನೆಯಲ್ಲಿ ಹುಡುಗಿಯನ್ನು ಕೇಳುತ್ತಾರೆ. ಅದು ಆಳುಮನೆಯಲ್ಲಿ ಬೆಳೆದ ಅವನಿಗಲ್ಲದೆ ಇನ್ಯಾರಿಗೆ ಗೊತ್ತು! ಕಡೆಗೆ ಕೆಂಪು ಅನ್ನ ಬಂತು. ಅದನ್ನೂ ನುಂಗಿದ.

ಅಯಾನೆ ದೊಡ್ಡ ತಟ್ಟೆ ತರಲು ಕೆಳಗೆ ಹೋದಾಗ ಇಬ್ಬರೇ ಉಳಿದರು. ಹೊಳೆಯ ಸದ್ದು ಕೇಳುತ್ತಿತ್ತು. ಹಾತ್ಸುಯೆ ಬಾಗಿಲ ಪಕ್ಕ ಕೂತು ಬಟ್ಟಲುಗಳನ್ನು ಬೇರೆ ಮಾಡುತ್ತಿದ್ದಳು.

"ಅಮ್ಮ, ನಾನು ಯಾರು ಗೊತ್ತಾ?"

"ಈ ಕೋಣೆಗೆ ಬಂದೋರು," ಅಂದಳು ಅವಳು, ಕೈ ನಿಲ್ಲಿಸದೆ. "ಕೋಪದಲ್ಲಿದ್ರಿ. ಹೋಗುವಾಗ ಸಮಾಧಾನವಾಗಿ ಹೋದ್ರೆ ಸಾಕು ನಮಗೆ."

ಮರೆವು ಆಡಿಸಿದ ಮಾತೋ, ಬೇಕೆಂದೇ ಕೊಟ್ಟ ಏಟೋ, ಅವನಿಗೆ ತಿಳಿಯಲಿಲ್ಲ. ಏಟೇ ಆಗಿದ್ದರೆ ಎಷ್ಟೋ ಮೇಲಿತ್ತು. ಅವನು ಮೆತ್ತೆಯಿಂದ ಎದ್ದು, ಕೋಣೆಯ ಉದ್ದ ದಾಟಿ, ಬಾಗಿಲ ಪಕ್ಕ ಬರಿಚಾಪೆಯ ಮೇಲೆ ಅವಳ ಸರಿಸಮಕ್ಕೆ ಮಂಡಿಯೂರಿದ. ವರ್ಷಗಟ್ಟಲೆ ಚಾಲಕನ ಸೀಟಿನಲ್ಲಿ ಕೂತ ಮಂಡಿಗಳು ಕಿರುಗುಟ್ಟಿದವು. ಏನು ಮಾಡಬೇಕೋ ತೋಚದೆ ಎರಡು ಅರಗಿನ ಬಟ್ಟಲು ಎತ್ತಿಕೊಂಡು ಒಂದರೊಳಗೊಂದು ಇಟ್ಟ.

ಫಟ್ಟೆಂದು ಕೈಮೇಲೆ ಏಟು ಬಿತ್ತು.

"ಹಾಗಲ್ಲ! ಅರಗಿನ ಬಟ್ಟಲನ್ನ ಒಂದರೊಳಗೊಂದು ಇಡಬಾರದು, ಉಜ್ಜಿಹೋಗುತ್ತೆ. ಎಷ್ಟು ಸಲ ಹೇಳ್ಬೇಕೋ ಕುನಿ ನಿನಗೆ?"

ಅವನು ಅವಳ ಮುಖ ನೋಡಿದ. ಈಗ ಅವಳೂ ನೋಡುತ್ತಿದ್ದಳು, ನೇರ ಕಣ್ಣಿಗೆ. ಆ ಕಣ್ಣಿನಲ್ಲಿ ಸಿಟ್ಟಿತ್ತು, ಆತುರವಿತ್ತು, ಪ್ರೀತಿಯೂ ಇತ್ತು. ಬಾಗಿಲನ್ನು ಎರಡು ಬೆರಳಷ್ಟು ಸರಿಸಿ ಹೊರಗೆ ಇಣುಕಿ, ದನಿ ತಗ್ಗಿಸಿ ಹೇಳಿದಳು.

"ಇಲ್ಲಿಗ್ಯಾಕೆ ಬಂದೆ ನೀನು? ಯಾರೂ ನೋಡ್ಲಿಲ್ಲ ತಾನೇ? ಇನ್ನೊಂದು ಸ್ವಲ್ಪ ಕೆಲಸ ಇದೆ. ಮುಗೀಲಿ, ಕಿರುಬಾಗಿಲಿಂದ ಹೋಗೋಣ. ಸುಮ್ಮನೆ ಕೂತಿರು, ಬಂದೋರಿಗೆ ಕಾಣಬಾರದು."

"ಹೂಂ ಅಮ್ಮ," ಅಂದ ಕುನಿಹಿರೊ.

ಮೈ ಸಣ್ಣದು ಮಾಡಿಕೊಂಡು, ಅವಳ ನೆರಳಿನಲ್ಲಿ, ಗೋಡೆಗೆ ಒತ್ತಿ ಕೂತ. ಅವಳು ಬಟ್ಟಲುಗಳನ್ನು ಒಂದೊಂದಾಗಿ ಒರೆಸತೊಡಗಿದಳು.